ಬೇನೆ ತಿನ್ನುವವಳ ಬೆನ್ನಿಗೆ ನಿಮ್ಮ ಅಂಗೈ

ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದುಕೊಂಡು ಹೋಗುವವರು ನೀವಾದರೆ ಈ ಬರಹ ನಿಮಗೇ. ಹಳೇ ಪಂಚೆ, ಫ್ಲಾಸ್ಕು, ತಾಯಿ ಕಾರ್ಡು ಎಲ್ಲ ಚೀಲದಲ್ಲಿರುತ್ತದೆ. ಬೇನೆ ಏರಿದಾಗ ಮಾತ್ರ ‘ಸ್ವಲ್ಪ ತಡ್ಕೋ’ ಅನ್ನುವುದು ಬಿಟ್ಟರೆ ಏನೂ ತೋಚುವುದಿಲ್ಲ. ಕಾರವಾರದಲ್ಲಿ ತಂಗಿಯ ಹೆರಿಗೆಗೆ ಹೋದಾಗ ನಾನೂ ಎರಡು ತಾಸು ಅದನ್ನೇ ಹೇಳುತ್ತ ಕೂತಿದ್ದೆ.

ಹೆರಿಗೆ ಕೋಣೆಯೊಳಗೆ ಬಿಡುತ್ತಾರೋ ಇಲ್ಲವೋ, ಏಳನೇ ತಿಂಗಳ ತಪಾಸಣೆಯಲ್ಲೇ ಕೇಳಿಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆಕೆ ಹೆರಿಗೆ ಕಂಡುಂಡವಳಾಗಿರಬೇಕು.

ಬೇನೆ ಶುರುವಾದ ಕೂಡಲೇ ಮಲಗಿಸಬೇಡಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಗೆ ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಡಾಕ್ಟರು ಬೇಡ ಅಂದಿಲ್ಲವಾದರೆ ಜಗಲಿಯಲ್ಲಿ, ವಾರ್ಡಿನ ಪ್ಯಾಸೇಜಿನಲ್ಲಿ ನಡೆಸಿ. ಬೇನೆ ಬಂದಾಗ ನಿಂತು, ಮಂಚದ ಕಂಬಿಗೆ ಒರಗಿ, ಒರಳಲ್ಲಿ ರುಬ್ಬುವ ಹಾಗೆ ಸೊಂಟವನ್ನು ನಿಧಾನ ತಿರುಗಿಸಲಿ. ಸುಸ್ತಾದರೆ ಎಡ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬು ಇಟ್ಟು ಮಲಗಲಿ.

ಇನ್ನು ಅಂಗೈಯ ಕೆಲಸ. ಸೊಂಟದ ಕೆಳಗೆ, ಎರಡು ಕುಂಡೆಗಳ ನಡುವಿನ ಸೀಳು ಶುರುವಾಗುವುದಕ್ಕೆ ತುಸು ಮೇಲೆ, ಚಪ್ಪಟೆಯಾದ ತ್ರಿಕೋನದ ಎಲುಬು ಕೈಗೆ ಸಿಗುತ್ತದೆ. ಮಗುವಿನ ತಲೆ ಒಳಗಿನಿಂದ ಒತ್ತುವುದು ಇದನ್ನೇ. ನೀವು ಹೊರಗಿನಿಂದ ಒತ್ತಬೇಕು. ನಾನು ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಸವರುತ್ತಿದ್ದೆ. ತಂಗಿ ಸಿಡುಕಿದಳು: ‘ಸವರ್ಬೇಡ ಅಕ್ಕಾ, ಒತ್ತೇ! ಇನ್ನೂ ಕೆಳಗೆ!’ ಆಮೇಲೆ ನರ್ಸ್ ಬಂದು ತೋರಿಸಿದರು: ಅಂಗೈಯ ಬುಡವನ್ನು ಎಲುಬಿಗೆ ಊರಿ, ಮೊಣಕೈ ಮಡಚದೆ, ಮೈಭಾರವನ್ನೇ ಬಿಡಬೇಕು. ಬೇನೆ ಏಳುವಾಗ ಶುರುಮಾಡಿ, ಇಳಿಯುವ ತನಕ ಕೈ ಕದಲಿಸಬಾರದು. ಒಂದು ಬೇನೆ ಹೆಚ್ಚುಕಡಿಮೆ ಒಂದು ನಿಮಿಷ. ನಡುವಿನ ಬಿಡುವಿನಲ್ಲಿ ಬೇಕಾದರೆ ಸವರಿ. ತಾಸು ಕಳೆಯುವುದರೊಳಗೆ ನಿಮ್ಮ ಮಣಿಕಟ್ಟು ಸೋಲುತ್ತದೆ. ಅದಕ್ಕೆ ಸರದಿಯ ಮೇಲೆ ಒತ್ತಲು ಇನ್ನೊಬ್ಬರಿದ್ದರೆ ಒಳ್ಳೆಯದು. ಎಷ್ಟು ಬಲ, ಎಲ್ಲಿ ಅನ್ನುವುದನ್ನು ಅವಳೇ ಹೇಳಲಿ; ಕೆಲವರಿಗೆ ಮುಟ್ಟಿದರೇ ಆಗುವುದಿಲ್ಲ.

ಬಿಸಿಯೂ ಹಿತ. ಮನೆಯಲ್ಲಿದ್ದಾಗ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ಸೊಂಟದ ಮೇಲೆ ತಂಬಿಗೆಯಿಂದ ಬಿಸಿನೀರು ಹೊಯ್ಯಿರಿ. ಆದರೆ ಬಾಣಂತಿಗೆ ಹೊಯ್ಯುವ ಸುಡುಸುಡು ನೀರಲ್ಲ, ನಿಮ್ಮ ಮೊಣಕೈ ತಡೆಯುವಷ್ಟೇ. ಆಸ್ಪತ್ರೆಯಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸಾಕು.

ಉಸಿರಿಗೆ ದೊಡ್ಡ ವಿದ್ಯೆ ಬೇಡ. ಮೂಗಿನಿಂದ ಎಳೆದು ಬಾಯಿಂದ ಉದ್ದಕ್ಕೆ ಬಿಡುವುದು, ಬಿಸಿ ಗಂಜಿ ಊದಿದ ಹಾಗೆ. ದವಡೆ, ಹೆಗಲು ಬಿಗಿಯಾಗಿದ್ದರೆ ಮುಟ್ಟಿ ನೆನಪಿಸಿ. ನರಳಿದರೆ ನರಳಲಿ. ‘ಕೂಗ್ಬೇಡ, ಜನ ಕೇಳ್ತಾರೆ’ ಅನ್ನುವವರನ್ನು ಹೊರಗೆ ಕಳಿಸಿ. ಡಾಕ್ಟರು ಒಪ್ಪಿದರೆ ನಡುನಡುವೆ ಗಂಜಿ ತಿಳಿ, ಎಳನೀರು ಒಂದೊಂದು ಗುಟುಕು ಕೊಡಿ. ಮುರುಗಲ (ಕೋಕಂ) ಪಾನಕ ಕೆಲವರಿಗೆ ಹುಳಿತೇಗು ತರುತ್ತದೆ, ಕೇಳಿಯೇ ಕೊಡಿ.

ಇಷ್ಟೆಲ್ಲ ಮಾಡಿದರೂ ಬೇನೆ ಹೋಗುವುದಿಲ್ಲ, ತಡೆದುಕೊಳ್ಳುವಷ್ಟಕ್ಕೆ ಬರುತ್ತದೆ ಅಷ್ಟೆ. ಅವಳು ನೋವಿನ ಇಂಜೆಕ್ಷನ್ ಕೇಳಿದರೆ ‘ನಾವೆಲ್ಲ ಹೆರಲಿಲ್ವಾ’ ಎನ್ನದೆ ಡಾಕ್ಟರನ್ನು ಕರೆಯಿರಿ.

ಐದು ನಿಮಿಷಕ್ಕೊಂದು ಬೇನೆ, ಒಂದು ತಾಸು ಹಾಗೇ ಬಂದರೆ ಹೊರಡಿ ಅನ್ನುವ ಲೆಕ್ಕ ಪೇಟೆಯವರಿಗೆ, ಅದೂ ಚೊಚ್ಚಲ ಹೆರಿಗೆಗೆ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಇಳಿಯಬೇಕಾದವರು ಅಷ್ಟು ಕಾಯಬಾರದು. ರಕ್ತ ಹೋದರೆ, ಗರ್ಭದಿಂದ ಒಡೆದು ಬಂದ ನೀರು ಹಸಿರಾಗಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ಬಿಸಿನೀರೂ ಬೇಡ, ಒತ್ತುವುದೂ ಬೇಡ: ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿಯಲ್ಲಿ ಎಡ ಮಗ್ಗುಲಾಗಿ ಮಲಗಿಸಿ.