ನದಿ ನೀರಿನಲ್ಲಿ ಮುಚ್ಚಿಹೋದ ಕೆಂಪು ಬೆಳಕು

ಪುಣೆಯ ನಮ್ಮ ಲ್ಯಾಬ್‌ನಲ್ಲಿ ನೀರಿನ ಫಾಸ್ಫೇಟನ್ನು ಬೆಳಕಿನಿಂದ ಗುರುತಿಸುವ ಯುರೋಪಿಯಂ ಸಂಯುಕ್ತ ಮಾಡಿದ್ದೇವೆ. ಯುರೋಪಿಯಂ ಒಂದು ಲೋಹ; ಅದರ ಈ ಸಂಯುಕ್ತ ಯುವಿ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಶುದ್ಧ ನೀರಿನಲ್ಲಿ ಎಲ್ಲಾ ಚೆನ್ನಾಗಿತ್ತು. ಮುಠಾ ನದಿಯ ನೀರು ಹಾಕಿದರೆ ಮಾತ್ರ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಯುವಿ ದೀಪದ ಕೆಳಗೆ ಕ್ಯುವೆಟ್ (ನೀರಿನ ಮಾದರಿ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ) ಪೂರ್ತಿ ತಿಳಿ ನೀಲಿ.

ಆ ನೀಲಿ ಕೊಳೆತ ಎಲೆ, ಚರಂಡಿ ನೀರಿನ ಸಾವಯವ ವಸ್ತುಗಳದ್ದು. ಅದು ಕೆಲವೇ ನ್ಯಾನೋಸೆಕೆಂಡಿನಲ್ಲಿ ಆರಿ ಹೋಗುತ್ತದೆ. ಯುರೋಪಿಯಂ ಬೆಳಕು ಮಿಲಿಸೆಕೆಂಡಿನ ಲೆಕ್ಕದಲ್ಲಿ ಉಳಿಯುತ್ತದೆ. ಈ ಲೋಹದ ದೊಡ್ಡ ಗುಣವೇ ಅದು ಅಲ್ವಾ? ಫ್ಲ್ಯಾಶ್ ಆದ ಮೇಲೆ 0.1 ಮಿಲಿಸೆಕೆಂಡ್ ಕಾದು ಓದುವಂತೆ ಡಿಲೇ ಇಟ್ಟೆ. ನೀಲಿ ಮಾಯ! ಯುರೋಪಿಯಂನ ಕೆಂಪು ಬೆಳಕು, ಅಂದರೆ 615 ನ್ಯಾನೋಮೀಟರ್ ತರಂಗಾಂತರದ ಗೆರೆ, ಚೂಪಾಗಿ ಎದ್ದು ನಿಂತಿತು. ಬಹಳ ಖುಷಿಯಾಯಿತು.

ಲೋಹಕ್ಕೆ ಅಂಟಿದ ನೀರಿನ ಅಣುಗಳ ಓ-ಎಚ್ (ಆಮ್ಲಜನಕ-ಜಲಜನಕ) ಬಂಧದ ಕಂಪನ ಬೆಳಕಿನ ಶಕ್ತಿಯನ್ನು ಹೀರುತ್ತದೆ. ಫಾಸ್ಫೇಟ್ ಬಂದು ಆ ನೀರನ್ನು ತಳ್ಳಿದರೆ ಬೆಳಕು ಜಾಸ್ತಿ ಆಗುತ್ತದೆ. ಆದರೆ ಬರೀ ಹೊಳಪನ್ನು ನಂಬಬೇಡಿ. ಯುರೋಪಿಯಂ ಬೆಳಕಿನಲ್ಲೇ ಇರುವ 590 ನ್ಯಾನೋಮೀಟರಿನ ಇನ್ನೊಂದು ಗೆರೆ ಲೋಹದ ಸುತ್ತಲಿನ ಬದಲಾವಣೆಗೆ ಅಷ್ಟಾಗಿ ಅಲುಗುವುದಿಲ್ಲ, 615ರದ್ದು ಅಲುಗುತ್ತದೆ. ಎರಡರ ಅನುಪಾತ ತೆಗೆದುಕೊಂಡರೆ ದೀಪದ ಏರುಪೇರು ಕಾಡುವುದಿಲ್ಲ.

ಉಳಿದ ತೊಂದರೆ ನದಿ ನೀರಿನಲ್ಲಿರುವ ಬೈಕಾರ್ಬೊನೇಟ್. ಅದೂ ಅದೇ ಜಾಗಕ್ಕೆ ಬಂದು ಕೂರುತ್ತದೆ. ಧಾರವಾಡದ ಗೆಳತಿಯೊಬ್ಬಳು ಹೇಳಿದಂತೆ, ಸೋಸಿದ ಅದೇ ನದಿ ನೀರಿಗೆ ಗೊತ್ತಿರುವ ಪ್ರಮಾಣದ ಫಾಸ್ಫೇಟ್ ಸ್ವಲ್ಪಸ್ವಲ್ಪ ಸೇರಿಸಿ, ಪ್ರತಿ ಸಲದ ಅನುಪಾತದಿಂದ ಗ್ರಾಫ್ ಎಳೆದೆ. ಲೆಕ್ಕ ಕೂಡಿತು. ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣಕ್ಕೆ) ಹೆಪೆಸ್ ಬಳಸಿ. ಫಾಸ್ಫೇಟ್ ಬಫರ್ ಹತ್ತಿರಕ್ಕೂ ತರಬೇಡಿ.