ಫ್ಲ್ಯಾಶ್ ಆನ್ ಮಾಡೋ ಮೊದಲು ಕೋಣೆಯ ಬೆಳಕು ನೋಡಿ

ಫ್ಲ್ಯಾಶ್ ಕೊಂಡ ಹೊಸತರಲ್ಲಿ ನನ್ನ ಫೋಟೋಗಳೆಲ್ಲ ಒಂದೇ ಥರ ಬರುತ್ತಿದ್ದವು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದೆ ಕಗ್ಗತ್ತಲು. ಫ್ಲ್ಯಾಶ್ ಜಾಸ್ತಿಯಾಯಿತು ಅಂದುಕೊಂಡು ಷಟರ್ ಸ್ಪೀಡ್ ಏರಿಸಿದೆ, ಅಂದರೆ ಷಟರ್ ತೆರೆದಿರುವ ಹೊತ್ತು ಕಡಿಮೆ ಮಾಡಿದೆ. ಮುಖ ಹಾಗೇ ಇತ್ತು, ಹಿನ್ನೆಲೆ ಇನ್ನೂ ಕಪ್ಪಾಯಿತು.

ಒಂದು ಸಂಜೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡಿದೆ. ಕ್ಯಾಮೆರಾ ಟ್ರೈಪಾಡ್ ಮೇಲೆ. ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್ 4, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400. ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ (ಪವರ್ ನಾವೇ ಇಡೋದು), ಪೂರ್ತಿ ಪವರ್‌ನ 1/16, ತಲೆ ಬಿಳಿ ಚಾವಣಿ ಕಡೆಗೆ. ಷಟರ್ ಒಂದನ್ನೇ ಬದಲಿಸಿದೆ: 1/200, 1/100, 1/50, 1/25 ಸೆಕೆಂಡು. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವಳ ಕೆನ್ನೆಯ ಬೆಳಕು ಹೆಚ್ಚೂಕಡಿಮೆ ಅಷ್ಟೇ ಇತ್ತು. ಹಿಂದಿನ ಗೋಡೆ ಮಾತ್ರ ಬೆಳಗುತ್ತ ಬಂದಿತ್ತು. 1/200ರಲ್ಲಿ ಬರೀ ಕಪ್ಪು. 1/25ರಲ್ಲಿ ಕಪಾಟಿನ ಪುಸ್ತಕಗಳು, ಮೂಲೆಯ ದೀಪದ ಹಳದಿ, ಎಲ್ಲ ಕಂಡವು.

ಫ್ಲ್ಯಾಶ್ ಮಿಂಚಿ ಮುಗಿಯೋದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ, ಪವರ್ ಕಡಿಮೆ ಇದ್ದರೆ ಇನ್ನೂ ಬೇಗ. ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಅದರ ಬೆಳಕು ಅಷ್ಟೇ. ಕೋಣೆಯ ದೀಪ ಹಾಗಲ್ಲ, ಸುರಿಯುತ್ತಲೇ ಇರುತ್ತದೆ. ಅಪರ್ಚರ್ ಮತ್ತು ಐಎಸ್‌ಒ ಎರಡು ಬೆಳಕಿಗೂ ತಟ್ಟುತ್ತವೆ.

ಇದು ಗೊತ್ತಾದ ಮೇಲೆ ನಾನು ಮೊದಲು ಫ್ಲ್ಯಾಶ್ ಆಫ್ ಮಾಡಿಯೇ ಶುರು ಮಾಡುತ್ತೇನೆ. ಕೋಣೆ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧ) ಮಂಕಾಗಿ ಕಾಣುವಷ್ಟಕ್ಕೆ ಎಲ್ಲ ಹೊಂದಿಸುತ್ತೇನೆ. ಆಮೇಲೆ ಫ್ಲ್ಯಾಶ್ ಆನ್ ಮಾಡಿ, ಮುಖ ನೋಡಿಕೊಂಡು ಅದರ ಪವರ್ ಮಾತ್ರ ಏರಿಸಿ ಇಳಿಸುತ್ತೇನೆ. ಜನ ಓಡಾಡುತ್ತಿದ್ದರೆ 1/25 ಬೇಡ, ಅಂಚಿನಲ್ಲಿ ನೆರಳಿನಂಥ ಗೆರೆ ಬರುತ್ತದೆ. ಆಗ ಷಟರ್ 1/60, ಐಎಸ್‌ಒ 800. ಐಎಸ್‌ಒ ದುಪ್ಪಟ್ಟಾಯಿತಲ್ವಾ, ಹಾಗಾಗಿ ಫ್ಲ್ಯಾಶ್ ಅರ್ಧ ಸಾಕು, 1/32. ಬ್ಯಾಟರಿಯೂ ಉಳಿಯುತ್ತದೆ.

ದೂರದ ಲೆಕ್ಕ ನನ್ನನ್ನು ತುಂಬ ಕಾಡಿತು. ಫ್ಲ್ಯಾಶ್ ನೇರವಾಗಿ ಹೊಡೆಯುವಾಗ 2 ಮೀಟರ್‌ನಲ್ಲಿದ್ದವರು 4 ಮೀಟರ್‌ಗೆ ಸರಿದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮಕ್ಕಳು ಹತ್ತಿರ ದೂರ ಓಡುತ್ತಿದ್ದರೆ ಮ್ಯಾನುಯಲ್ ಹಿಡಿದು ಸುಮ್ನೆ ಒದ್ದಾಡಬೇಡಿ, ಟಿಟಿಎಲ್‌ಗೆ ಹಾಕಿ, ಅದರಲ್ಲಿ ಕ್ಯಾಮೆರಾವೇ ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಪವರ್ ಇಡುತ್ತದೆ. ಕೂತವರಿಗೆ ಮ್ಯಾನುಯಲ್ಲೇ ವಾಸಿ. ಟಿಟಿಎಲ್‌ನಲ್ಲಿ ಬಿಳಿ ಅಂಗಿಯವರು ಚೌಕಟ್ಟಿಗೆ ಬಂದರೂ ಲೆಕ್ಕ ಬದಲಾಗುತ್ತದೆ.

ಫ್ಲ್ಯಾಶ್ ಬಳಸುವಾಗ ಷಟರ್‌ನ ವೇಗಕ್ಕೆ ಒಂದು ಮಿತಿಯೂ ಇದೆ, ಹಲವು ಕ್ಯಾಮೆರಾಗಳಲ್ಲಿ 1/200 ಅಥವಾ 1/250. ಒಮ್ಮೆ ರೇಡಿಯೋ ಟ್ರಿಗರ್ (ದೂರದಿಂದ ಫ್ಲ್ಯಾಶ್ ಮಿಂಚಿಸುವ ಸಾಧನ) ಹಾಕಿ 1/500ರಲ್ಲಿ ತೆಗೆದೆ. ಫೋಟೋದ ಒಂದು ಭಾಗಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ! ಫ್ಲ್ಯಾಶ್ ಮಿಂಚಿದಾಗ ಷಟರ್‌ನ ಪರದೆ ಅಷ್ಟು ಜಾಗ ಮುಚ್ಚಿತ್ತು.

ಹಳದಿ ದೀಪದ ಕೋಣೆಯಲ್ಲಿ ಈಗ ಫ್ಲ್ಯಾಶ್‌ಗೆ ಕಿತ್ತಳೆ ಬಣ್ಣದ ಜೆಲ್ (ಪಾರದರ್ಶಕ ಹಾಳೆ) ಅಂಟಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಹಳದಿ ಬಲ್ಬಿಗೆಂದೇ ಇರುವ ಟಂಗ್‌ಸ್ಟನ್‌ಗೆ ಇಡುತ್ತೇನೆ. ಮಗಳ ಮುಖವೂ ಹಿಂದಿನ ಗೋಡೆಯೂ ಒಂದೇ ದೀಪದಡಿ ಇದ್ದ ಹಾಗೆ ಬರುತ್ತವೆ.