ಗಾಲಿಯುಳ್ಳ ಕಮೋಡ್ ಕುರ್ಚಿ: ಅಂಗಡಿಗೆ ಹೋಗುವ ಮುನ್ನ ಬಚ್ಚಲಿನ ಬಾಗಿಲು ಅಳೆಯಿರಿ

ಪಾರ್ಶ್ವವಾಯುವಿನಿಂದ ದೇಹದ ಒಂದು ಬದಿ ಬಲಗುಂದಿದವರು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರು, ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬಂದಾಗ ಮನೆಮಂದಿಗೆ ಮೊದಲ ದಿನವೇ ಎದುರಾಗುವ ಕಷ್ಟ ಬಚ್ಚಲಿನದು. ಮಂಚದಿಂದ ಬಚ್ಚಲುಮನೆಯವರೆಗಿನ ಹತ್ತಿಪ್ಪತ್ತು ಅಡಿ ದೂರವನ್ನು ಇಬ್ಬರು ಎರಡು ಕಡೆ ತೋಳು ಹಿಡಿದು ಹೇಗೋ ದಾಟಿಸುತ್ತಾರೆ. ಆದರೆ ಒದ್ದೆ ನೆಲದ ಮೇಲೆ ಅವರನ್ನು ಕಮೋಡಿನ ಮೇಲೆ ಕೂರಿಸಿ, ಎಬ್ಬಿಸಿ, ಸ್ನಾನದ ಸ್ಟೂಲಿನ ಮೇಲೆ ಮತ್ತೆ ಕೂರಿಸಿ, ಮತ್ತೆ ಎಬ್ಬಿಸುವಷ್ಟರಲ್ಲಿ ಎಲ್ಲಾದರೂ ಕಾಲು ಜಾರುವ ಭಯ ಇದ್ದೇ ಇರುತ್ತದೆ. ಆಸನದಲ್ಲಿ ತೂತು, ಅದರಡಿ ತೆಗೆದಿಡಬಹುದಾದ ಬಕೆಟ್ ಇರುವ ಗಾಲಿಯುಳ್ಳ ಕಮೋಡ್ ಕುರ್ಚಿಯ ನಿಜವಾದ ಉಪಯೋಗ ಇಲ್ಲಿದೆ. ಮಂಚದ ಪಕ್ಕದಲ್ಲಿ ಒಮ್ಮೆ ಕೂರಿಸಿದರೆ ಶೌಚ, ಸ್ನಾನ ಎರಡನ್ನೂ ಮುಗಿಸಿ ಮಂಚಕ್ಕೇ ಮರಳಬಹುದು. ಕೂರಿಸಿ ಎಬ್ಬಿಸುವ ಸಂದರ್ಭಗಳು ಕಡಿಮೆಯಾದಷ್ಟೂ ಬೀಳುವ ಸಂಭವವೂ, ಆರೈಕೆ ಮಾಡುವವರ ಬೆನ್ನುನೋವೂ ಕಡಿಮೆಯಾಗುತ್ತವೆ.

ಹಾಗಿದ್ದರೂ ಅವಸರದಲ್ಲಿ ಕೊಂಡ ಅನೇಕ ಕುರ್ಚಿಗಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಬಳಕೆಯಾಗುತ್ತಿವೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟ ಕುರ್ಚಿಗಳೇನಲ್ಲ, ಆ ಮನೆಯ ಬಾಗಿಲಿಗೆ ಹಿಡಿಸದ ಕುರ್ಚಿಗಳು. ಆದ್ದರಿಂದ ಆಯ್ಕೆಯನ್ನು ಅಂಗಡಿಯಲ್ಲಿ ಆರಂಭಿಸದೆ, ಮನೆಯಲ್ಲಿ ಅಳತೆಯ ಟೇಪು ಹಿಡಿದು ಆರಂಭಿಸಬೇಕು.

ಮೊದಲು ಮನೆಯ ಅಳತೆ

ಬಚ್ಚಲಿನ ಬಾಗಿಲನ್ನು ಪೂರ್ತಿ ತೆರೆದು, ತೆರೆದ ಬಾಗಿಲಿನ ಹಲಗೆಯಿಂದ ಎದುರು ಚೌಕಟ್ಟಿನವರೆಗೆ ಅಳೆಯಿರಿ. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಲಗೆಯ ದಪ್ಪ, ಚಿಲಕ, ಬಾಗಿಲ ಹಿಂದೆ ಟವೆಲ್ ಹಾಕುವ ಕೊಕ್ಕೆ ಇವೆಲ್ಲ ಸೇರಿ ಎರಡು ಅಂಗುಲವನ್ನಾದರೂ ನುಂಗುತ್ತವೆ. ಎಲ್ಲರೂ ಬಳಸಬಹುದಾದ ಶೌಚಾಲಯಕ್ಕೆ 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿಯ ಬಾಗಿಲು ಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮನೆಗಳ ಬಚ್ಚಲಿನ ಬಾಗಿಲು ಎರಡರಿಂದ ಎರಡೂವರೆ ಅಡಿಯಲ್ಲೇ ಮುಗಿಯುತ್ತದೆ. ನಾಲ್ಕೂ ಕಡೆ ಸಣ್ಣ ಗಾಲಿಯಿರುವ ಕುರ್ಚಿಗಳು ಸಾಮಾನ್ಯವಾಗಿ 20ರಿಂದ 22 ಅಂಗುಲ ಅಗಲವಿರುತ್ತವೆ. ಹಿಂದೆ ದೊಡ್ಡ ಚಕ್ರವಿರುವ ಕುರ್ಚಿಗಳು 24 ಅಂಗುಲ ದಾಟುತ್ತವೆ. ಕುರ್ಚಿಯ ಅಗಲಕ್ಕಿಂತ ದಾರಿ ಎರಡು ಅಂಗುಲವಾದರೂ ಹೆಚ್ಚಿರಬೇಕು, ಇಲ್ಲವಾದರೆ ಕುರ್ಚಿ ಹಾದುಹೋದರೂ ಕೂತವರ ಮೊಣಕೈ ಮತ್ತು ಬೆರಳು ಚೌಕಟ್ಟಿಗೆ ತರಚುತ್ತವೆ. ಅಂಗುಲದಷ್ಟು ಕೊರತೆಯಿದ್ದರೆ ಬಾಗಿಲನ್ನು ತೆಗೆಸಿ ಪರದೆ ಹಾಕುವುದು, ಅಥವಾ ಹೊರಗೆ ತೆರೆಯುವಂತೆ ಮಾಡಿಸುವುದು ಬಡಗಿಯ ಅರ್ಧ ದಿನದ ಕೆಲಸ. ಪರದೆಯಾದರೆ ಒಳಗಿರುವವರ ಮರ್ಯಾದೆಗೆ ಕುಂದಾಗದಂತೆ ದಪ್ಪ ಬಟ್ಟೆಯನ್ನೇ ನೆಲದವರೆಗೆ ಇಳಿಬಿಡಿ.

ಬಾಗಿಲಿನ ನಂತರ ಹೊಸ್ತಿಲು. ನೀರು ಹೊರಗೆ ಹರಿಯದಿರಲೆಂದು ಬಚ್ಚಲಿಗೆ ಗ್ರಾನೈಟಿನ ಪಟ್ಟಿ ಹಾಕಿರುತ್ತಾರೆ, ಒಳಗಿನ ನೆಲ ಅದಕ್ಕಿಂತಲೂ ಒಂದೆರಡು ಅಂಗುಲ ತಗ್ಗಿನಲ್ಲಿರುತ್ತದೆ. ಮೂರು ಅಂಗುಲದ ಗಾಲಿ ಒಂದು ಅಂಗುಲದ ಹೊಸ್ತಿಲಿಗೆ ಸಿಕ್ಕಿಕೊಂಡರೆ ಕುರ್ಚಿ ಅಲ್ಲೇ ನಿಲ್ಲುತ್ತದೆ, ಕೂತವರ ದೇಹ ಮಾತ್ರ ಮುಂದಕ್ಕೆ ಮುಗ್ಗರಿಸುತ್ತದೆ. ಇಳಿಜಾರು ಹಲಗೆ ಮಾಡಿಸುವುದಾದರೆ ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ ಎಂಬ ಲೆಕ್ಕ ಹಿಡಿಯಿರಿ. ಎರಡು ಅಂಗುಲದ ಹೊಸ್ತಿಲಿಗೆ ಎರಡು ಅಡಿಯ ಹಲಗೆ ಬೇಕಾಗುತ್ತದೆ. ಒಳಬದಿಯ ಹಲಗೆ ನೀರು ಹೋಗುವ ಜಾಲರಿಯನ್ನು ಮುಚ್ಚಬಾರದು, ಸ್ನಾನದ ನಂತರ ಎತ್ತಿಡುವಂತಿರಬೇಕು.

ಮೂರನೆಯದು ಕಮೋಡ್. ನೆಲದಿಂದ ಅದರ ಸೀಟಿನ ಮೇಲ್ಭಾಗದವರೆಗೆ ಎತ್ತರ ಅಳೆಯಿರಿ. ಬಹುತೇಕ 15ರಿಂದ 17 ಅಂಗುಲದೊಳಗೆ ಇರುತ್ತದೆ. ಕುರ್ಚಿಯ ಬಕೆಟ್ಟನ್ನೂ ಅದರ ಹಳಿಗಳನ್ನೂ ತೆಗೆದ ಮೇಲೆ ಆಸನದ ಅಡಿಭಾಗ ಇದಕ್ಕಿಂತ ಒಂದು ಅಂಗುಲವಾದರೂ ಮೇಲಿದ್ದರೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನೇರವಾಗಿ ಕಮೋಡಿನ ಮೇಲೆ ನಿಲ್ಲಿಸಬಹುದು, ಬಕೆಟ್ ತೊಳೆಯುವ ಕೆಲಸವೇ ಇರುವುದಿಲ್ಲ. ಎತ್ತರ ಸರಿಯಿದ್ದರೂ ಹಿಂದಿನ ಎರಡು ಕಾಲುಗಳ ನಡುವೆ ಅಡ್ಡಕಂಬಿ ಇದ್ದರೆ ಅದು ಕಮೋಡಿಗೆ ತಾಗಿ ಕುರ್ಚಿ ಒಳಸರಿಯುವುದಿಲ್ಲ. ಕೊಳ್ಳುವವರು ಸಾಮಾನ್ಯವಾಗಿ ನೋಡದೆ ಬಿಡುವುದು ಈ ಕಂಬಿಯನ್ನೇ. ಫ್ಲಶ್ ಟ್ಯಾಂಕ್ ಮುಂದಕ್ಕೆ ಚಾಚಿಕೊಂಡಿದ್ದರೆ ಕುರ್ಚಿಯ ಬೆನ್ನು ಅದಕ್ಕೆ ತಾಗಿ, ಆಸನದ ತೂತು ಕಮೋಡಿನ ನೇರಕ್ಕೆ ಬರದೆ ಹೋಗಬಹುದು. ಅದನ್ನೂ ಅಳೆದು ಬರೆದಿಟ್ಟುಕೊಳ್ಳಿ. ಕಟ್ಟೆಯ ಮೇಲೆ ಕೂರಿಸಿದ ಭಾರತೀಯ ಶೈಲಿಯ ಶೌಚಾಲಯವಿರುವ ಮನೆಗಳಲ್ಲಿ ಕುರ್ಚಿ ಮೇಲೇರುವುದಿಲ್ಲ; ಅಲ್ಲಿ ಮುಚ್ಚಳವಿರುವ ಬಕೆಟ್ಟೇ ಗತಿ, ಅದು ಪಕ್ಕದಿಂದಲೋ ಹಿಂದಿನಿಂದಲೋ ಸುಲಭವಾಗಿ ಎಳೆದು ತೆಗೆಯುವಂತಿರಲಿ.

ಕೊನೆಯದಾಗಿ ಹಾಸಿಗೆ ಸಮೇತ ಮಂಚದ ಎತ್ತರ. ಕುರ್ಚಿಯ ಆಸನ ಇದಕ್ಕೆ ಸಮವಾಗಿದ್ದಷ್ಟೂ ಸರಿಸುವುದು ಸುಲಭ. ಕಾಲಿನ ಎತ್ತರ ಹೊಂದಿಸಿಕೊಳ್ಳುವ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಬೆಲೆ ಕೊಡಬೇಕಾಗಿ ಬಂದರೂ ಕೊಡುವುದೇ ಲೇಸು.

ಕೂರುವವರನ್ನು ನೋಡಿ ಬಗೆ ಆರಿಸಿ

ಕೈಗಳಲ್ಲಿ ಶಕ್ತಿಯಿದ್ದು ಕಾಲು ಮಾತ್ರ ಕೈಕೊಟ್ಟವರಿಗೆ ಹಿಂದೆ ದೊಡ್ಡ ಚಕ್ರವಿರುವ ಕುರ್ಚಿಯನ್ನು ಮೊದಲು ಪರಿಶೀಲಿಸಿ. ತಾವೇ ತಳ್ಳಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅವಕಾಶ ಬೆಲೆ ಕಟ್ಟಲಾಗದ್ದು. ಅದಕ್ಕಾಗಿ ಬಾಗಿಲು ಅಗಲಮಾಡಿಸುವುದಾದರೂ ಖರ್ಚು ಸಾರ್ಥಕ ಎಂದೇ ಈ ಲೇಖಕಿಯ ಅಭಿಪ್ರಾಯ. ಬೇರೆಯವರೇ ತಳ್ಳಬೇಕಾದವರಿಗೆ ನಾಲ್ಕು ಸಣ್ಣ ಗಾಲಿಯ ಕುರ್ಚಿ ಸಾಕು. ಗಾಲಿ ನಾಲ್ಕೈದು ಅಂಗುಲದ್ದಿರಲಿ, ಮೂರು ಅಂಗುಲದ್ದು ಬೇಡ.

ಮುಂಡವನ್ನೂ ಕತ್ತನ್ನೂ ಹಿಡಿದು ಕೂರಲಾಗದವರಿಗೆ ಸಾಮಾನ್ಯ ಕುರ್ಚಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸುವುದು ಪರಿಹಾರವಲ್ಲ. ಇಡೀ ಆಸನವೇ ಬೆನ್ನಿನೊಂದಿಗೆ ಹಿಂದಕ್ಕೆ ಬಾಗುವ, ತಲೆಗೆ ಆನಿಕೆಯಿರುವ ಕುರ್ಚಿ ಇವರಿಗೆ ಬೇಕು. ಇದನ್ನು ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ನೋಡಿಯೇ ಸೂಚಿಸಬೇಕು. ಬಹುದಿನ ಮಲಗಿದ್ದವರಿಗೆ ಎದ್ದು ಕೂತ ತಕ್ಷಣ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಅವರನ್ನು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ನಂತರವೇ ಕುರ್ಚಿಗೆ ಸರಿಸಿ.

ಈಚೆಗೆ ಅಂಗಡಿಗಳಲ್ಲಿ ಆಸನ ಹಿಂದಿನಿಂದ ಎರಡು ಹೋಳಾಗಿ ತೆರೆದುಕೊಳ್ಳುವ, ಹಿಡಿ ತಿರುಗಿಸಿದರೆ ಮೇಲೇರುವ ಕುರ್ಚಿಗಳೂ ಕಾಣುತ್ತಿವೆ. ಮಂಚದ ಅಂಚಿನಲ್ಲಿ ಕೂತವರನ್ನು ಮುಂದಿನಿಂದ ಸಮೀಪಿಸಿ, ಎರಡು ಹೋಳನ್ನೂ ಕೆಳಗೆ ಸೇರಿಸಿ ಬೀಗ ಹಾಕಿ ಎತ್ತಿಕೊಳ್ಳಬಹುದಾದ್ದರಿಂದ ಒಬ್ಬರೇ ಆರೈಕೆ ಮಾಡುವ ಮನೆಗೆ ಇವು ದೊಡ್ಡ ನೆರವು. ಆದರೆ ಇವುಗಳ ಪಾದದ ಕಂಬಿಗಳು ಮಂಚದ ಅಡಿಗೆ ತೂರಬೇಕು. ಅಡಿಯಲ್ಲಿ ಡ್ರಾಯರ್ ಇರುವ ಬಾಕ್ಸ್ ಮಂಚಗಳಿದ್ದರೆ ಇವು ಕೆಲಸಕ್ಕೆ ಬರುವುದಿಲ್ಲ.

ತೂಕವನ್ನು ಊಹಿಸದೆ ತೂಗಿಯೇ ತಿಳಿದುಕೊಳ್ಳಿ. ಸಾಮಾನ್ಯ ಕುರ್ಚಿಗಳು 100 ಕಿಲೋ ಆಸುಪಾಸಿನ ಭಾರಕ್ಕೆ ಮಾಡಿದವು. ಕೂರುವವರ ತೂಕ ಆ ಮಿತಿಗೆ ಹತ್ತಿರವಿದ್ದರೆ ಅದಕ್ಕೂ ಮೇಲಿನ ದರ್ಜೆಯದನ್ನೇ ಕೊಳ್ಳಿ.

ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಬೇಕಾದವು

ಬಣ್ಣ ಹಾಕಿದ ಸಾದಾ ಕಬ್ಬಿಣದ ಕುರ್ಚಿ ಅಗ್ಗ. ಬೆಸುಗೆಯ ಜಾಗದಲ್ಲಿ ಬಣ್ಣ ಎದ್ದ ದಿನದಿಂದ ಅದಕ್ಕೆ ತುಕ್ಕು ಶುರು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯ ತೇವದಲ್ಲಿ ಇದು ಬೇಗನೆ ಆಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಊರುಗಳಲ್ಲಿ ಗಾಲಿಯ ಅಚ್ಚಿನ ಸುತ್ತ ಬಿಳಿ ಪೊರೆ ಕಟ್ಟಿ ಗಾಲಿ ಬಿಗಿಯುತ್ತದೆ. ಪ್ರತಿದಿನ ನೀರು ಬೀಳುವ ವಸ್ತುವಾದ್ದರಿಂದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ಚೌಕಟ್ಟು ಒಳ್ಳೆಯದು. ಅಲ್ಯೂಮಿನಿಯಂ ಹಗುರವೂ ಹೌದು, ಒಬ್ಬರೇ ಎತ್ತಿಡಬಹುದು. ಕುರ್ಚಿಯನ್ನು ತಲೆಕೆಳಗೆ ಮಾಡಿಸಿ ಆಸನದ ಅಡಿಯ ಬೆಸುಗೆಗಳನ್ನೂ ಸ್ಕ್ರೂಗಳನ್ನೂ ನೋಡಿ. ಚೌಕಟ್ಟು ಸ್ಟೀಲಿನದಾಗಿದ್ದು ಸ್ಕ್ರೂ ಕಬ್ಬಿಣದ್ದಾಗಿರುವುದುಂಟು.

ಆಸನದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ಲೈವುಡ್ಡಿನ ಮೇಲೆ ಸ್ಪಂಜು ಇಟ್ಟು ರೆಕ್ಸಿನ್ ಹೊದಿಸಿ ಪಿನ್ನು ಹೊಡೆದ ಆಸನ ನೋಡಲು ಮೆತ್ತಗಿರುತ್ತದೆ, ಆದರೆ ಪಿನ್ನಿನ ತೂತುಗಳಿಂದ ನೀರು ಒಳಗಿಳಿದು ಕೆಲವೇ ತಿಂಗಳಲ್ಲಿ ಹಲಗೆ ಕೊಳೆತು ವಾಸನೆ ಬರುತ್ತದೆ. ಹೊಲಿಗೆಯಾಗಲಿ ಪಿನ್ನಾಗಲಿ ಇಲ್ಲದೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಯುರೆಥೇನಿನ ಮೆತ್ತೆ ಇದಕ್ಕೆ ಸರಿಯಾದ ಬದಲಿ. ತೂತಿನ ಒಳ ಅಂಚಿನ ಸುತ್ತ ಬೆರಳನ್ನು ಒತ್ತಿ ಸವರಿ ನೋಡಿ: ಎಲ್ಲಿ ಬೆರಳಿಗೆ ಏಣು ತಾಗುತ್ತದೋ ಅಲ್ಲಿ ಕೂತವರ ಚರ್ಮವೂ ಒತ್ತಿ ಕೆಂಪಾಗುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಆ ನೋವು ತಿಳಿಯದೆ ಅದೇ ಜಾಗ ಒತ್ತುಹುಣ್ಣಾಗುತ್ತದೆ. ತೂತು ಅಗತ್ಯಕ್ಕಿಂತ ದೊಡ್ಡದಾದರೆ ತೆಳ್ಳಗಿನ ಹಿರಿಯರು ಒಳಕ್ಕೆ ಕುಸಿಯುತ್ತಾರೆ. ಮುಂದಿನ ಭಾಗ ತೆರೆದಿರುವ, ಕುದುರೆ ಲಾಳದ ಆಕಾರದ ಆಸನದಲ್ಲಿ ತೊಳೆಯುವ ಕೈಗೆ ಜಾಗವಿರುತ್ತದೆ. ಒಂದು ಕೈ ಮಾತ್ರ ಆಡುವವರಾದರೆ ಬಲವಿರುವ ಕೈಯ ಕಡೆಗೆ ತೆರೆದ ಆಸನವನ್ನು ಕೇಳಿ ಪಡೆಯಿರಿ.

ಕುರ್ಚಿಯ ತೋಳುಗಳು ಮೇಲಕ್ಕೆತ್ತುವ ಅಥವಾ ಕೆಳಗಿಳಿಸುವ ಬಗೆಯವಾಗಿರಲೇಬೇಕು. ಎದ್ದು ನಿಲ್ಲಲಾಗದವರನ್ನು ಮಂಚದಿಂದ ಪಕ್ಕಕ್ಕೆ ಸರಿಸುವಾಗ ಕದಲದ ತೋಳು ಗೋಡೆಯಂತೆ ಅಡ್ಡ ನಿಲ್ಲುತ್ತದೆ, ಆಗ ಅವರನ್ನು ಅನಾವಶ್ಯಕವಾಗಿ ಎತ್ತಬೇಕಾಗುತ್ತದೆ. ಕಾಲಿಡುವ ಹಲಗೆ ಪಕ್ಕಕ್ಕೆ ತಿರುಗುವಂತಿರಲಿ. ಅದರ ಮೇಲೆ ಕಾಲೂರಿ ಏಳಲು ಹೋದರೆ ಇಡೀ ಕುರ್ಚಿ ಮುಂದಕ್ಕೆ ಮಗುಚುತ್ತದೆ ಎಂಬುದನ್ನು ಮನೆಯ ಎಲ್ಲರಿಗೂ ತಿಳಿಸಿ.

ಬ್ರೇಕನ್ನು ಒಣನೆಲದಲ್ಲಿ ಪರೀಕ್ಷಿಸಿದರೆ ಸಾಲದು. ಸ್ವಲ್ಪ ನೀರು ಚೆಲ್ಲಿಸಿ, ಯಾರನ್ನಾದರೂ ಕೂರಿಸಿ, ಬ್ರೇಕ್ ಹಾಕಿ ಪಕ್ಕದಿಂದ ತಳ್ಳಿ ನೋಡಿ. ನಾಲ್ಕೂ ಗಾಲಿಗೆ ಬ್ರೇಕ್ ಇರುವುದು ಒಳ್ಳೆಯದು; ಎರಡಕ್ಕೆ ಮಾತ್ರವಿದ್ದರೆ ಕುರ್ಚಿ ಒಂದು ಕಡೆಗೆ ತಿರುಗಿಕೊಳ್ಳುವುದನ್ನು ನೀವೇ ಕಾಣುವಿರಿ.

ಸೊಂಟದ ಮೂಳೆ ಮುರಿತದಂಥ, ಕೆಲವು ತಿಂಗಳಲ್ಲಿ ಗುಣವಾಗುವ ಸ್ಥಿತಿಗೆ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಉಚಿತ. ದೊಡ್ಡ ಊರುಗಳಲ್ಲಿ ವೈದ್ಯಕೀಯ ಉಪಕರಣ ಬಾಡಿಗೆಗೆ ಕೊಡುವವರಿದ್ದಾರೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ವಾಪಸಾತಿಯ ನಿಯಮವನ್ನು ಮೊದಲೇ ಓದಿ, ಬಿಡಿ ಗಾಲಿ, ಆಸನ, ಬಕೆಟ್ ಸಿಗುತ್ತವೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ.

ಸರ್ಕಾರದಿಂದ ಸಿಗುವ ನೆರವು

2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 60 ವರ್ಷ ದಾಟಿದ, ಬಡತನ ರೇಖೆಗಿಂತ ಕೆಳಗಿರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಸಾಧನಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಕಮೋಡ್ ಕುರ್ಚಿ ಮತ್ತು ಕಮೋಡ್ ಇರುವ ಗಾಲಿಕುರ್ಚಿ ಎರಡೂ ಅದರ ಪಟ್ಟಿಯಲ್ಲಿವೆ. ವಿತರಣೆ ಶಿಬಿರಗಳ ಮೂಲಕ ನಡೆಯುವುದರಿಂದ ಮುಂದಿನ ಶಿಬಿರ ಯಾವಾಗ ಎಂದು ಜಿಲ್ಲಾ ಮಟ್ಟದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ; ಹಳ್ಳಿಯವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಅಂಗವೈಕಲ್ಯದ ಪ್ರಮಾಣಪತ್ರವಿರುವವರಿಗೆ ಸಹಾಯಕ ಸಾಧನಗಳನ್ನು ಕೊಡುವ, ವಯಸ್ಸಿನ ಮಿತಿಯಿಲ್ಲದ ಅಡಿಪ್ (ADIP) ಎಂಬ ಕೇಂದ್ರದ ಯೋಜನೆ ಬೇರೆಯೇ ಇದೆ.

ಮೊದಲ ದಿನದ ಬಳಕೆ

ಖಾಲಿ ಕುರ್ಚಿಯನ್ನು ಒಮ್ಮೆ, ಮನೆಯವರೊಬ್ಬರನ್ನು ಕೂರಿಸಿ ಮತ್ತೊಮ್ಮೆ ಮಂಚದಿಂದ ಬಚ್ಚಲಿನವರೆಗೆ ತಳ್ಳಿ ನೋಡಿದ ಮೇಲೆಯೇ ರೋಗಿಯನ್ನು ಕೂರಿಸಿ. ನೀರು, ಸೋಪು, ಟವೆಲ್, ಒಣಬಟ್ಟೆ ಎಲ್ಲವೂ ಮೊದಲೇ ಒಳಗಿರಲಿ. ನಡುವೆ ಅವರನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗುವಂತಾಗಬಾರದು. ಕುರ್ಚಿಯನ್ನು ಬಲವಿರುವ ಬದಿಗೆ, ಮಂಚಕ್ಕೆ ಓರೆಯಾಗಿ ತಂದು, ಬ್ರೇಕ್ ಹಾಕಿ, ಮಂಚದ ಕಡೆಯ ತೋಳನ್ನು ತೆಗೆಯಿರಿ. ಅವರ ಕಂಕುಳಿಗೆ ಕೈಹಾಕಿ ಎಳೆದರೆ ಪಾರ್ಶ್ವವಾಯುವಾದವರ ಭುಜದ ಕೀಲು ಸಡಿಲುತ್ತದೆ, ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟ್ ಹಿಡಿದು ಸರಿಸಿ. ಹೊಸ್ತಿಲನ್ನು ಯಾವಾಗಲೂ ಹಿಮ್ಮುಖವಾಗಿ ದಾಟಿಸಿ. ನಿಲ್ಲಿಸುವ ಮುನ್ನ ಕುರ್ಚಿಯನ್ನು ಗೇಣಿನಷ್ಟು ಹಿಂದಕ್ಕೆಳೆದರೆ ಮುಂದಿನ ಗಾಲಿಗಳು ಮುಂದಕ್ಕೆ ತಿರುಗಿಕೊಳ್ಳುತ್ತವೆ. ಆಗ ಕೂತವರು ಕಾಲು ಉಜ್ಜಿಕೊಳ್ಳಲು ಬಾಗಿದರೂ ಕುರ್ಚಿ ಮಗುಚುವ ಸಾಧ್ಯತೆ ಕಡಿಮೆ.

ಸ್ನಾನದ ನೀರಿನ ಬಕೆಟ್ಟಿಗೆ ಮೊದಲು ತಣ್ಣೀರು, ನಂತರ ಬಿಸಿನೀರು ಹಾಕಿ ಮೊಣಕೈಯಿಂದ ಹದ ನೋಡಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಸುಟ್ಟರೂ ಹೇಳಲಾರರು. ಮೊದಲ ಚೊಂಬು ನೀರನ್ನು ಆಸನದ ಮೇಲೂ ಲೋಹದ ತೋಳಿನ ಮೇಲೂ ಸುರಿದರೆ ತಣ್ಣನೆಯ ಕಂಬಿ ತಾಗಿ ಅವರು ಬೆಚ್ಚಿಬೀಳುವುದಿಲ್ಲ. ಸ್ನಾನದ ಉದ್ದಕ್ಕೂ ಮೈಮೇಲೊಂದು ತೆಳು ಪಂಚೆಯೋ ಟವೆಲೋ ಇರಲಿ, ತೊಳೆಯುವ ಭಾಗವನ್ನಷ್ಟೇ ಸರಿಸಿದರೆ ಸಾಕು. ತೂತಿನ ಆಸನದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಶೌಚಕ್ಕೆ ಹೆಚ್ಚು ಹೊತ್ತು ಬೇಕಾದವರ ಭಾರವನ್ನು ನಡುನಡುವೆ ಒಂದು ಪಕ್ಕಕ್ಕೆ ವಾಲಿಸಿ ಹಗುರಮಾಡಿ, ಮಂಚಕ್ಕೆ ಮರಳಿದ ಮೇಲೆ ಪೃಷ್ಠದ ಚರ್ಮವನ್ನು ನೋಡಿ. ಕೆಂಪು ಅರ್ಧ ಗಂಟೆಯಾದರೂ ಮಾಸದಿದ್ದರೆ ಆಸನವನ್ನು ಬದಲಿಸಬೇಕು, ವೈದ್ಯರಿಗೂ ತೋರಿಸಬೇಕು.

ಬಳಸಿದ ನಂತರ ಸೋಪುನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಒರೆಸಿ ಗಾಳಿಯಾಡುವ ಕಡೆ ಇಡಿ. ಕ್ರಿಮಿನಾಶಕ ಬಳಸಿದ ದಿನ ಅದನ್ನು ಲೋಹದ ಮೇಲೆ ಉಳಿಯಗೊಡಬೇಡಿ. ವಾರಕ್ಕೊಮ್ಮೆ ಗಾಲಿಯ ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ, ಸ್ಕ್ರೂ ಬಿಗಿಮಾಡಿ, ಬ್ರೇಕ್ ಪರೀಕ್ಷಿಸಿ. ಆಸನದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಚರ್ಮವನ್ನು ಚಿವುಟುತ್ತದೆ ಮತ್ತು ಅದರೊಳಗಿನ ಕೊಳೆ ತೊಳೆದರೆ ಹೋಗುವುದಿಲ್ಲ. ಅಂಟು ಪಟ್ಟಿ ಹಾಕದೆ ಹೊಸ ಆಸನವನ್ನೇ ತರಿಸಿ ಹಾಕಿ.